ಹದ್ದು ಎಣಿಸಿದರೆ ಪಗಾರ ಎಷ್ಟು?

“ಹದ್ದ ಎಣಿಸಿದ್ರ ಪಗಾರ ಎಷ್ಟ್ ಕೊಡ್ತಾರ್ರೀ ಸರ?”

ಹೋದ ವಾರ ರಾಯಚೂರು ಜಿಲ್ಲೆಯ ಸಿರವಾರದಿಂದ ಕವಿತಾಳಕ್ಕೆ ಹೋಗುವ ದಾರಿಯಲ್ಲಿ, ಜೋಳ ಕೊಯ್ದು ಖಾಲಿಯಾದ ಎರೆ ಹೊಲದ ಬದುವಿನ ಮೇಲೆ ಕೂತಿದ್ದೆ. ರೈತರೊಬ್ಬರು ಬೈಕ್ ನಿಲ್ಲಿಸಿ ಕೇಳಿದ ಪ್ರಶ್ನೆ ಇದು. ಇದಕ್ಕೂ ಮೊದಲು ಎರಡು ಪ್ರಶ್ನೆ ಆಗಿದ್ದವು. ಕೊರಳಲ್ಲಿ ದುರ್ಬೀನು, ಕೈಯಲ್ಲಿ ನೋಟ್‌ಬುಕ್ಕು ಕಂಡರೆ ನಮ್ಮ ಕಡೆ ಮೊದಲು ಬರುವುದೇ ಅನುಮಾನ. “ಕೆನಾಲ್ ಸರ್ವೇದವ್ರೇನ್ರಿ?” ಅಲ್ಲ ಅಂದೆ. “ಸೋಲಾರ್ ಕಂಪನಿದವ್ರು?” ಅದೂ ಅಲ್ಲ, ಹಕ್ಕಿ ಎಣಿಸುತ್ತಿದ್ದೇನೆ ಅಂದೆ. ಅವರ ಮುಖದಲ್ಲಿ ಅನುಮಾನ ಹೋಗಿ ಮರುಕ ಬಂತು. ಪಗಾರ ಇಲ್ಲ ಅಂದ ಮೇಲೆ ಮರುಕವೂ ಹೋಯಿತು. “ಮತ್ತ ಈ ಬಿಸಲಾಗ ಯಾಕ ಕುಂತೀರಿ? ಮನೀಗಿ ಹೋಗ್ರೀ ಯಪ್ಪಾ” ಎಂದು ಕಿಕ್ ಹೊಡೆದು ಹೊರಟರು.

ಯಾಕೆ ಕೂತಿದ್ದೆ ಎಂಬುದಕ್ಕೆ ಆಗ ಸರಿಯಾದ ಉತ್ತರ ಹೊಳೆಯಲಿಲ್ಲ. ಈ ವಾರದ ಅಂಕಣ ಆ ಬೈಕಿನ ಅಣ್ಣನಿಗೆ.

ವಸಂತ ಬಂತೆಂದರೆ ಜಗತ್ತಿನ ಹಲವು ಬೆಟ್ಟಗಳ ಮೇಲೆ ಜನ ಹೀಗೆಯೇ ಪಗಾರವಿಲ್ಲದೆ ಕೂತು ಆಕಾಶ ಎಣಿಸುತ್ತಾರೆ. ಚಳಿಗಾಲಕ್ಕೆ ತೆಂಕಣಕ್ಕೆ ಬಂದ ಗಿಡುಗ, ಹದ್ದು, ಚಾಣಗಳು ಮರಿ ಮಾಡಲು ಬಡಗಣಕ್ಕೆ ಮರಳುವ ಕಾಲ ಅದು. ಹಿಮಾಚಲದ ಧರ್ಮಶಾಲಾದಲ್ಲಿ ಧೌಲಾಧಾರ್ ಸಾಲಿನ ಮುಂದೆ ನಿಂತರೆ ಸ್ಟೆಪ್ ಗಿಡುಗಗಳು ಒಂದರ ಹಿಂದೊಂದು ತೇಲಿ ಹೋಗುವುದು ಕಾಣುತ್ತದೆ. 2015ರಿಂದ ಜಗತ್ತಿನ ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲಿರುವ ಹಕ್ಕಿ ಅದು. ಇಸ್ರೇಲಿನ ಐಲಾತ್ ಬೆಟ್ಟಗಳ ಮೇಲೆ ವಸಂತದ ಎಣಿಕೆ ನಡೆಯುತ್ತದೆ. ಜಾರ್ಜಿಯಾದ ಬಾತುಮಿಯಲ್ಲಿ 2008ರಿಂದ, ಅವು ತೆಂಕಣಕ್ಕೆ ಹೊರಡುವ ಶರತ್ಕಾಲದಲ್ಲಿ ಎಣಿಸುತ್ತಿದ್ದಾರೆ. ಕಪ್ಪು ಸಮುದ್ರಕ್ಕೂ ಕಾಕಸಸ್ ಬೆಟ್ಟಕ್ಕೂ ನಡುವಿನ ಆ ಸಂದಿಯಲ್ಲಿ ಒಂದೇ ಹಂಗಾಮಿಗೆ ಹತ್ತು ಲಕ್ಷ ದಾಟುತ್ತದೆ ಲೆಕ್ಕ.

ಬೆಟ್ಟವೇ ಯಾಕೆಂದರೆ, ಭಾರದ ಹಕ್ಕಿಗೆ ರೆಕ್ಕೆ ಬಡಿಯುವುದೆಂದರೆ ಖರ್ಚು. ಬೆಟ್ಟಕ್ಕೆ ಬಡಿದ ಗಾಳಿ ಮೇಲಕ್ಕೆ ಏರುತ್ತದೆ, ಬಿಸಿಲಿಗೆ ಕಾದ ನೆಲದ ಗಾಳಿಯೂ ಕಂಬದ ಹಾಗೆ ಮೇಲೇಳುತ್ತದೆ. ರೆಕ್ಕೆ ಚಾಚಿ ಅದರೊಳಗೆ ಸುತ್ತುತ್ತ ಮೇಲೆ ಹೋಗುವುದು, ಆಮೇಲೆ ಜಾರುತ್ತ ಮುಂದೆ ಹೋಗುವುದು, ಮತ್ತೆ ಇನ್ನೊಂದು ಕಂಬ ಹಿಡಿಯುವುದು. ಹಾಗಾಗಿ ಇಡೀ ನಾಡಿನ ಹದ್ದುಗಳೆಲ್ಲ ಒಂದು ಸಾಲು ಬೆಟ್ಟ ಹಿಡಿದು ಬರುತ್ತವೆ. ಎಣಿಸುವವರು ದಾರಿಯ ಮಧ್ಯೆ ಕುರ್ಚಿ ಹಾಕಿ ಕೂತರಾಯಿತು, ಟೋಲ್‌ಗೇಟಿನವರ ಹಾಗೆ.

ಇದನ್ನೆಲ್ಲ ಓದಿಕೊಂಡು ನಾನೂ ಕೆಲವು ವರ್ಷದ ಹಿಂದೆ ಮಾರ್ಚ್‌ನ ಒಂದು ಬೆಳಿಗ್ಗೆ ರಾಯಚೂರಿನ ಕೋಟೆ ಗುಡ್ಡ ಹತ್ತಿದ್ದೆ. ಬೆಟ್ಟ ಬೇಕಲ್ಲ? ನಮ್ಮಲ್ಲಿ ಇರುವ ಬೆಟ್ಟ ಅದೇ. ಕೆಳಗೆ ಆಂ ತಾಲಾಬ್, ಸುತ್ತ ಊರು, ದೂರದಲ್ಲಿ ಶಕ್ತಿನಗರದ ವಿದ್ಯುತ್ ಸ್ಥಾವರದ ಕಡೆಯ ಹೊಗೆ. ಒಂದು ತಾಸಿನಲ್ಲಿ ಅರವತ್ತರ ಮೇಲೆ ಗೀಟು ಹಾಕಿದೆ. ಎದೆ ಉಬ್ಬಿತು. ಜೊತೆಗೆ ಬಂದಿದ್ದ ನಿವೃತ್ತ ಮೇಷ್ಟ್ರು ನನ್ನ ಪುಸ್ತಕ ನೋಡಿ, ಆಕಾಶ ನೋಡಿ, ಮೆಲ್ಲಗೆ ಹೇಳಿದರು: “ಅವೇ ಹತ್ತು ಹದ್ದು ಆರು ಸುತ್ತು ಹಾಕ್ಯಾವಲ್ರೀ.” ಮಾಂಸದಂಗಡಿ ಮತ್ತು ಕಸದ ಗುಂಡಿಯ ನಡುವೆ ದಿನವಿಡೀ ಓಡಾಡುವ ನಮ್ಮೂರ ಹದ್ದುಗಳು ಅವು. ಎಲ್ಲಿಗೂ ವಲಸೆ ಹೊರಟಿರಲಿಲ್ಲ.

ಆವತ್ತು ನನಗೆ ಗೊತ್ತಾದದ್ದು ಇಷ್ಟು. ಕೃಷ್ಣೆ–ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡು ಬೆಟ್ಟದ ನಾಡಲ್ಲ, ಬಯಲು. ಇಲ್ಲಿಂದ ಹೊರಡುವ ಹಕ್ಕಿಗೆ ಒಂದೇ ದಾರಿ ಅಂತ ಇಲ್ಲ. ಜಾತ್ರೆ ಮುಗಿದ ಮೇಲೆ ಜನ ಹೋಗುವ ಹಾಗೆ ಯಾವ ಕಾಲುದಾರಿಯಾದರೂ ಹಿಡಿದು ಹೋಗುತ್ತವೆ. ಗುಡ್ಡದ ಮೇಲೆ ಕೂತು ಎಣಿಸುತ್ತೇನೆ ಅಂದರೆ ಸಿಗುವುದಿಲ್ಲ. ಅವು ಮಲಗುವಲ್ಲಿಗೆ ನಾವೇ ಹೋಗಬೇಕು.

ಇಲ್ಲಿಂದ ಹೊರಡುವ ಹಕ್ಕಿ ಯಾವುದು? ನಮ್ಮ ರೈತರು ನೋಡಿಯೇ ಇರುತ್ತಾರೆ, ಹೆಸರು ಮಾತ್ರ ಎಲ್ಲಕ್ಕೂ ಒಂದೇ: ಹದ್ದು. ಹಕ್ಕಿ ಪುಸ್ತಕದವರು ಇವನ್ನು ಸೆಳೆವ ಅಂತ ಬರೆಯುತ್ತಾರೆ, ಇಂಗ್ಲಿಷಿನಲ್ಲಿ ಹ್ಯಾರಿಯರ್. ಮಾಂಟೆಗು ಹ್ಯಾರಿಯರ್, ಪ್ಯಾಲಿಡ್ ಹ್ಯಾರಿಯರ್ ಒಣ ಹೊಲಗಳಲ್ಲಿ, ಜೌಗು ಸೆಳೆವ ಗದ್ದೆ–ಕೆರೆಗಳ ಕಡೆ. ಊರ ಹದ್ದಿನ ಹಾಗೆ ಎತ್ತರದಲ್ಲಿ ಸುತ್ತುವುದಿಲ್ಲ. ಜೋಳದ ತೆನೆಗೆ ಎರಡು ಮಾರು ಮೇಲೆ, ರೆಕ್ಕೆಯನ್ನು ಸ್ವಲ್ಪ ಮೇಲೆತ್ತಿ ಹಿಡಿದು, ತೂಗಾಡುತ್ತ ಸಾಲು ಸಾಲು ಹುಡುಕುತ್ತ ಹೋಗುತ್ತದೆ. ಗೂಬೆಗಿರುವಂತೆ ಮುಖಕ್ಕೊಂದು ಗರಿಯ ತಟ್ಟೆ. ಅದರಿಂದ ಸದ್ದು ಹಿಡಿದು, ಬೆಳೆಯೊಳಗಿನ ಇಲಿಯನ್ನು ಕಣ್ಣಿಗೆ ಕಾಣದಿದ್ದರೂ ಹಿಡಿಯುತ್ತದೆ. ಮಾಂಟೆಗು, ಪ್ಯಾಲಿಡ್ ಎರಡರಲ್ಲೂ ಗಂಡು ಬೂದಿ ಬಣ್ಣ, ಹೆಣ್ಣು ಕಂದು. ಹೆಣ್ಣಿನ ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಹೆಣ್ಣು ಮಾಂಟೆಗುವನ್ನೂ ಹೆಣ್ಣು ಪ್ಯಾಲಿಡ್‌ನ್ನೂ ದೂರದಿಂದ ಬೇರೆ ಮಾಡುವುದು ಪಂಡಿತರಿಗೇ ಕಷ್ಟ. ನಾನಂತೂ “ಹೆಣ್ಣು, ಯಾವುದೋ ಒಂದು” ಅಂತ ಬರೆದು ಸುಮ್ಮನಾಗುತ್ತೇನೆ.

ಇವು ಮರಿ ಮಾಡುವುದು ಕಝಾಕಿಸ್ತಾನ ಮತ್ತು ರಷ್ಯದ ಹುಲ್ಲುಗಾವಲುಗಳಲ್ಲಿ. ನಮ್ಮಲ್ಲಿಗೆ ಬರುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಮರಳುವುದು ಮಾರ್ಚ್–ಏಪ್ರಿಲ್‌ನಲ್ಲಿ. ಈ ತಿಂಗಳುಗಳನ್ನು ಇನ್ನೊಮ್ಮೆ ಓದಿ. ಹಿಂಗಾರಿ ಬಿತ್ತುವಾಗ ಬರುತ್ತವೆ, ಸುಗ್ಗಿ ಮುಗಿದಾಗ ಹೋಗುತ್ತವೆ. ಎಳ್ಳಮವಾಸ್ಯೆಗೆ ನಾವು ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಕಡುಬು, ಭರ್ತ ಉಂಡು ಬನ್ನಿ ಗಿಡದ ನೆರಳಿಗೆ ಅಡ್ಡಾಗುವ ಹೊತ್ತಿಗೆ ಇವು ನಮ್ಮದೇ ಹೊಲದ ಮೇಲೆ ಕೂಲಿಗೆ ಇರುತ್ತವೆ. ಕೂಲಿ ಅಂದದ್ದು ತಮಾಷೆಗಲ್ಲ. ಇಲಿ, ಓತಿ, ಸಣ್ಣ ಹಕ್ಕಿಗಳ ಜೊತೆಗೆ ಇವುಗಳ ದೊಡ್ಡ ಊಟ ಮಿಡತೆ. ಅದರಲ್ಲೂ ಮಾಂಟೆಗು ಹ್ಯಾರಿಯರ್ ಭಾರತದಲ್ಲಿರುವಷ್ಟು ದಿನ ಹೆಚ್ಚಾಗಿ ಮಿಡತೆಯ ಮೇಲೆಯೇ ಬದುಕು ನಡೆಸುತ್ತದೆ. ಇವು ಮಲಗಿ ಎದ್ದ ಜಾಗದಲ್ಲಿ ಜೀರ್ಣವಾಗದೆ ಉಗುಳಿದ ಸಣ್ಣ ಉಂಡೆಗಳು ಸಿಗುತ್ತವೆ. ಬಿಡಿಸಿ ನೋಡಿದರೆ ಮಿಡತೆಯ ಕಾಲು, ದವಡೆ, ಇಲಿಯ ಕೂದಲು.

ಮೇಷ್ಟ್ರು ಹೇಳಿದ ಮೇಲೆ ನಾನು ಗುಡ್ಡ ಬಿಟ್ಟು ಹೊಲಕ್ಕಿಳಿದೆ. ಹ್ಯಾರಿಯರ್ ಮರದ ಮೇಲೆ ಮಲಗುವ ಹಕ್ಕಿ ಅಲ್ಲ. ನೆಲದ ಮೇಲೆ, ಮೊಣಕಾಲೆತ್ತರದ ಒಣ ಹುಲ್ಲಿನೊಳಗೆ, ಹತ್ತಾರು ಒಟ್ಟಿಗೆ ರಾತ್ರಿ ಕಳೆಯುತ್ತವೆ. ದಿನವಿಡೀ ಊರೂರು ಹಂಚಿಹೋದವು ಸಂಜೆ ಒಂದೇ ಗಾಯರಾಣಕ್ಕೆ, ಅಂದರೆ ಗೋಮಾಳಕ್ಕೆ, ಬಂದು ಸೇರುತ್ತವೆ. ಎಣಿಸುವವನಿಗೆ ಅದೇ ಧೌಲಾಧಾರ್.

ಹೋದ ವಾರ ಕವಿತಾಳದ ಕಡೆ ಸಂಜೆ ಆದದ್ದು ಹೀಗೆ. ಆರು ಗಂಟೆಯವರೆಗೆ ಏನೂ ಇಲ್ಲ. ಕೊಯ್ದ ಜೋಳದ ಕೂಳೆ, ಬಾಯಿ ಬಿಟ್ಟ ಎರೆ ಬಿರುಕು, ಅಷ್ಟೆ. ಒಂದು ಟಿಟ್ಟಿಭ ಹಕ್ಕಿ ಕಿರುಚುತ್ತ ನನ್ನನ್ನು ಓಡಿಸಲು ನೋಡಿತು. ಆಮೇಲೆ ಪಡುವಣದಿಂದ ಒಂದು ಬೂದಿ ಬಣ್ಣದ ಗಂಡು ನೆಲಕ್ಕೆ ತಾಗಿದಂತೆಯೇ ಹಾರಿ ಬಂತು. ಹುಲ್ಲಿನ ಮೇಲೆ ಎರಡು ಸುತ್ತು ಹಾಕಿತು, ಕಾಲು ಇಳಿಬಿಟ್ಟಿತು, ಇಳಿಯಿತು ಅನ್ನುವಷ್ಟರಲ್ಲಿ ಮನಸ್ಸು ಬದಲಿಸಿ ಮೇಲೆದ್ದಿತು. ಅದರ ಹಿಂದೆ ಎರಡು ಕಂದು ಹೆಣ್ಣು. ಮೂರೂ ಸೇರಿ ಮತ್ತೆ ಸುತ್ತು. ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿ ಇಳಿದು, ಮತ್ತೆ ಹತ್ತಿ, ಇನ್ನೊಂದು ಸೀಟು ನೋಡುವವರ ಹಾಗೆ. ಕೊನೆಗೆ ಒಂದು ಕೂತಿತು. ಕೂತ ಕೂಡಲೇ ಇಲ್ಲವಾಯಿತು. ಅಷ್ಟು ದೊಡ್ಡ ಹಕ್ಕಿ, ಒಂದೂವರೆ ಅಡಿ ಹುಲ್ಲಿನಲ್ಲಿ ಸೂಜಿ ಬಿದ್ದಂತೆ ಮಾಯ. ಬೆಳಕು ಇರುವಷ್ಟು ಹೊತ್ತು ಎಣಿಸಿದೆ. ಎಣಿಸಿದ್ದು ಎರಡು ಕೈ ಬೆರಳಿಗೆ ಮುಗಿಯಿತು. ಅಂಕಿ ಸಣ್ಣದು, ಆದರೆ ಈ ಸಲ ಯಾವ ಹಕ್ಕಿಯನ್ನೂ ಎರಡು ಸಲ ಬರೆಯಲಿಲ್ಲ ಎಂಬ ಧೈರ್ಯ ಇದೆ.

ಈಗ ಬೈಕಿನ ಅಣ್ಣನ ಪ್ರಶ್ನೆಗೆ. ಎಣಿಸಿ ಏನು ಬಂತು?

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಾಕ್ ಮೌಂಟನ್ ಅಂತ ಒಂದು ಬೆಟ್ಟ. ಹೋಗುವ ಗಿಡುಗಗಳನ್ನು ಮೋಜಿಗೆ ಗುಂಡಿಕ್ಕಿ ಕೊಲ್ಲಲು ಜನ ಅಲ್ಲಿ ಸೇರುತ್ತಿದ್ದರು. 1934ರಲ್ಲಿ ರೋಸಲಿ ಎಡ್ಜ್ ಎಂಬ ಹೆಣ್ಣುಮಗಳು ಆ ಬೆಟ್ಟವನ್ನೇ ಗುತ್ತಿಗೆ ಹಿಡಿದು, ಮಾರಿಸ್ ಬ್ರೌನ್ ಎಂಬವರನ್ನು ಕಾವಲಿಗೆ ಹಾಕಿದರು. ಕಾವಲುಗಾರ ಸುಮ್ಮನೆ ಕೂರಲಿಲ್ಲ, ದಿನಾ ಎಣಿಸಿ ಬರೆದಿಟ್ಟ. ಬಿಳಿತಲೆಯ ಗಿಡುಗ, ಅಮೆರಿಕದವರ ರಾಷ್ಟ್ರಪಕ್ಷಿ, ಅದರಲ್ಲಿ ಎಳೆಯವೆಷ್ಟು ಬೆಳೆದವೆಷ್ಟು ಎಂಬುದನ್ನೂ ಬರೆದ. 1935ರಿಂದ 1939ರವರೆಗೆ ಕಂಡವುಗಳಲ್ಲಿ ನೂರಕ್ಕೆ ನಲವತ್ತು ಆ ವರ್ಷದ ಮರಿಗಳು. 1955ರಿಂದ 1959ಕ್ಕೆ ಬಂದರೆ ನೂರಕ್ಕೆ ಇಪ್ಪತ್ತು. ದೊಡ್ಡವು ಇವೆ, ಮರಿ ಇಲ್ಲ. ಊರಲ್ಲಿ ಮುದುಕರಿದ್ದು ಶಾಲೆಗೆ ಮಕ್ಕಳಿಲ್ಲದಂತೆ. 1962ರಲ್ಲಿ ರೇಚೆಲ್ ಕಾರ್ಸನ್ ‘ಸೈಲೆಂಟ್ ಸ್ಪ್ರಿಂಗ್’ ಬರೆದು ಡಿಡಿಟಿ ಎಂಬ ಕೀಟನಾಶಕದ ಮೇಲೆ ಮೊಕದ್ದಮೆಯನ್ನೇ ಹೂಡಿದಾಗ ಆಕೆಯ ಕೈಯಲ್ಲಿದ್ದ ಸಾಕ್ಷಿಗಳಲ್ಲಿ ಈ ಕಾವಲುಗಾರನ ಲೆಕ್ಕವೂ ಒಂದು. ಅವನು ಬರೆಯಲು ಶುರು ಮಾಡಿದಾಗ ಡಿಡಿಟಿ ಹೊಲಕ್ಕೆ ಬಂದೇ ಇರಲಿಲ್ಲ. ಸುಮ್ಮನೆ ಎಣಿಸಿದ್ದ, ಅಷ್ಟೆ.

ಇನ್ನೊಂದು ಕಥೆ ನಮಗೆ ಇನ್ನೂ ಹತ್ತಿರದ್ದು, ನಡೆದದ್ದು ಅರ್ಜೆಂಟೀನಾದಲ್ಲಾದರೂ. ಸ್ವೇನ್ಸನ್ ಗಿಡುಗ ಅಂತ ಒಂದು, ನಮ್ಮ ಹ್ಯಾರಿಯರ್‌ನ ಹಾಗೆಯೇ ದೂರ ಹೋಗುವ, ಚಳಿಗಾಲದಲ್ಲಿ ಮಿಡತೆ ತಿಂದೇ ಬದುಕುವ ಹಕ್ಕಿ. ಉತ್ತರ ಅಮೆರಿಕದಲ್ಲಿ ಗೂಡಿಗೆ ಮರಳುವವು ಕಡಿಮೆಯಾದವು. 1990ರ ದಶಕದ ನಡುವಿನಲ್ಲಿ ವಿಜ್ಞಾನಿಗಳು ಅವುಗಳ ಬೆನ್ನಿಗೆ ಉಪಗ್ರಹ ಯಂತ್ರ ಕಟ್ಟಿ ಬಿಟ್ಟರು, ಅವು ಅವರನ್ನು ಅರ್ಜೆಂಟೀನಾದ ಬಯಲಿಗೆ ಕರೆದೊಯ್ದವು. ಅಲ್ಲಿ ಹೊಲಗಳಲ್ಲಿ ಸತ್ತ ಗಿಡುಗಗಳ ರಾಶಿ. 1995–96ರ ಒಂದೇ ಹಂಗಾಮಿನಲ್ಲಿ ಸಾವಿರಾರು ಹೆಣ ಸಿಕ್ಕವು, ಸತ್ತದ್ದು ಇಪ್ಪತ್ತು ಸಾವಿರ ಇರಬಹುದು ಎಂದು ಅಂದಾಜಿಸಿದರು. ಮಿಡತೆಗೆ ಹೊಡೆದ ಔಷಧ ಹಕ್ಕಿಯನ್ನು ಕೊಂದಿತ್ತು. ಔಷಧದ ಹೆಸರು ಮಾನೊಕ್ರೊಟೊಫಾಸ್.

ನಮ್ಮ ಹತ್ತಿಯವರಿಗೆ, ಮೆಣಸಿನಕಾಯಿಯವರಿಗೆ ಈ ಹೆಸರಿನ ಪರಿಚಯ ಮಾಡಿಸಬೇಕೇ? ತರಕಾರಿಗೆ ಇದನ್ನು ಬಳಸಬಾರದೆಂದು 2005ರಲ್ಲೇ ಆದೇಶವಾಗಿತ್ತು. ಆದರೆ ಹತ್ತಿಗೆ ವರ್ಷಗಟ್ಟಲೆ ಹರಿಯಿತು. ನಮ್ಮ ಕಡೆ ಔಷಧ ಅನ್ನುವುದಿಲ್ಲ, ಎಣ್ಣಿ ಅನ್ನುತ್ತಾರೆ. “ಎಣ್ಣಿ ಹೊಡ್ದೀರೇನು?” ಅಂದರೆ ಅರ್ಥ ಇದೇ. ದೇವದುರ್ಗದ ಕಡೆ ಹತ್ತಿ, ಮೆಣಸಿನಕಾಯಿ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ. ಎಲ್ಲೂ ಬೆನ್ನಿಗೆ ಪಂಪು ಇಲ್ಲದ ಹಂಗಾಮಿಲ್ಲ. ಇದರಿಂದ ನಮ್ಮ ಹ್ಯಾರಿಯರ್‌ಗಳು ಸತ್ತಿವೆ ಎಂದು ನಾನು ಹೇಳುತ್ತಿಲ್ಲ. ಹೇಳಬೇಕಾದರೆ ಹತ್ತು ವರ್ಷದ ಲೆಕ್ಕ ಬೇಕು. ಲೆಕ್ಕ ಇಲ್ಲದವನು ಬರೀ ತಕರಾರು ಮಾಡಬಹುದು, ದಾವೆ ಹೂಡಲಾಗುವುದಿಲ್ಲ.

ಎಣ್ಣಿಯದು ಒಂದು ಮಾತಾದರೆ, ಜಾಗದ್ದು ಇನ್ನೊಂದು. ಹ್ಯಾರಿಯರ್ ಮಲಗುವ ಹುಲ್ಲಿಗೆ ಕಂದಾಯ ದಫ್ತರದಲ್ಲಿ ಇರುವ ಹೆಸರು ಖರಾಬು, ಗಾಯರಾಣ, ಬಂಜರು. ಹೆಸರೇ ಖರಾಬು ಆದಮೇಲೆ ಅದನ್ನು ಉದ್ಧಾರ ಮಾಡಲು ಎಲ್ಲರೂ ಬರುತ್ತಾರೆ. ಒಬ್ಬರು ನೀಲಗಿರಿ ನೆಡುತ್ತಾರೆ, ಒಬ್ಬರು ಸೋಲಾರ್ ಹಲಗೆ ಹಾಸುತ್ತಾರೆ, ಒಬ್ಬರು ಗರಸು ತೋಡುತ್ತಾರೆ. ಕುರಿ ಕಾಯುವವರನ್ನು ಬಿಟ್ಟರೆ ಹುಲ್ಲು ಹುಲ್ಲಾಗಿಯೇ ಇರಲಿ ಅನ್ನುವವರು ಯಾರೂ ಇಲ್ಲ.

2022ರವರೆಗೆ ಪಕ್ಕದ ಕರ್ನೂಲು ಜಿಲ್ಲೆಯಲ್ಲಿದ್ದ, ಈಗ ನಂದ್ಯಾಲ ಜಿಲ್ಲೆಗೆ ಸೇರಿದ ರೋಳ್ಳಪಾಡು ನಮ್ಮಿಂದ ಹೆಚ್ಚು ದೂರವಿಲ್ಲ. ಎರೆಭೂತಕ್ಕೆಂದೇ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್‌ಗೆಂದೇ, 1988ರಲ್ಲಿ ಅಭಯಾರಣ್ಯವಾದ ಹುಲ್ಲುಗಾವಲು ಅದು. ಒಂದು ಕಾಲಕ್ಕೆ ಹ್ಯಾರಿಯರ್‌ಗಳ ದೊಡ್ಡ ರಾತ್ರಿ ತಂಗುದಾಣವೂ ಹೌದು. ಸುತ್ತ ನೀರಾವರಿ ಬಂತು, ಬೆಳೆ ಬದಲಾಯಿತು. ಎರೆಭೂತ ಅಲ್ಲಿ ಈಗ ನೆನಪು. ಹ್ಯಾರಿಯರ್‌ಗಳೂ ಇಳಿದವು. ಇಳಿದದ್ದು ಹೇಗೆ ಗೊತ್ತಾಯಿತೆಂದರೆ, ಬೆಂಗಳೂರಿನ ಏಟ್ರಿ ಸಂಸ್ಥೆಯವರು ವರ್ಷ ವರ್ಷ ಹೋಗಿ ಸಂಜೆ ಹೊತ್ತು ಎಣಿಸಿದ್ದರಿಂದ. ತುಂಗಭದ್ರೆಯ ಆಚೆ ದಡ, ಬಳ್ಳಾರಿಯ ಸಿರುಗುಪ್ಪದ ಎರೆ ಹೊಲಗಳಲ್ಲಿ ಬೆರಳೆಣಿಕೆಯ ಎರೆಭೂತ ಉಳಿದಿರುವುದೂ ಕೆಲವರು ಹಟ ಹಿಡಿದು ಹುಡುಕಿದ್ದರಿಂದಲೇ ಲೋಕಕ್ಕೆ ಗೊತ್ತಾಯಿತು. ನದಿಯ ಈಚೆ ದಡದ ನಮ್ಮ ಪುಸ್ತಕ ಮಾತ್ರ ಖಾಲಿ.

ಪೂರ್ತಿ ಖಾಲಿ ಅಂದರೆ ತಪ್ಪಾದೀತು. ರಾಯಚೂರು ನಿಜಾಮರ ರಾಜ್ಯದಲ್ಲಿದ್ದಾಗ, 1931–32ರಲ್ಲಿ, ಸಲೀಂ ಅಲಿ ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆ ಮಾಡಿದ್ದರು. ಕೆಲಸ ಇಲ್ಲದ ಕಾಲದಲ್ಲಿ ಅವರು ಹಿಡಿದ ಕೆಲಸ ಅದು, ಪಗಾರದ ಮಾತು ಅಲ್ಲೂ ಅಷ್ಟಕ್ಕಷ್ಟೆ. ಆಮೇಲೆ ತೊಂಬತ್ತು ವರ್ಷ ದಾಟಿದೆ. ಆಗ ಎಡದಂಡೆ ಕಾಲುವೆ ಇರಲಿಲ್ಲ, ನಾರಾಯಣಪುರ ಬಲದಂಡೆ ಇರಲಿಲ್ಲ, ಶಕ್ತಿನಗರದ ಚಿಮಣಿ ಇರಲಿಲ್ಲ, ಎಣ್ಣಿಯೂ ಇರಲಿಲ್ಲ. ಇಷ್ಟೆಲ್ಲ ಬಂದ ಮೇಲೆ ಹಕ್ಕಿಗೆ ಏನಾಯಿತು ಎಂದು ಯಾರಾದರೂ ಕೇಳಿದರೆ ನಮ್ಮ ಉತ್ತರ: “ಮೊದ್ಲು ಭಾಳ ಇದ್ವು ಬಿಡ್ರಿ.” ಭಾಳ ಅಂದರೆ ಎಷ್ಟು?

ನಾವು ಊರು–ಕೇರಿಯವರು, ವಿಜ್ಞಾನಿಗಳಲ್ಲ, ನಮ್ಮಿಂದ ಏನಾದೀತು ಅನ್ನುವವರಿಗೆ ನಾಗಾಲ್ಯಾಂಡಿನ ಪಾಂಗ್ಟಿ ಊರು ತೋರಿಸುತ್ತೇನೆ. ಸೈಬೀರಿಯಾ–ಚೀನದ ಕಡೆಯಿಂದ ಆಫ್ರಿಕಕ್ಕೆ ಹೋಗುವ ಅಮುರ್ ಚಾಣಗಳು ಅಲ್ಲಿನ ದೋಯಾಂಗ್ ಜಲಾಶಯದ ಬಳಿ ಇಳಿಯುತ್ತವೆ. 2012ರವರೆಗೆ ಊರವರು ಬಲೆ ಕಟ್ಟಿ ಸಾವಿರಗಟ್ಟಲೆ ಹಿಡಿದು ಮಾರುತ್ತಿದ್ದರು. 2013ರಲ್ಲಿ ಅದೇ ಊರು ಬಲೆ ಇಳಿಸಿತು. ಆ ವರ್ಷ ಯಂತ್ರ ಕಟ್ಟಿ ಬಿಟ್ಟ ಮೂರು ಹಕ್ಕಿಗಳಿಗೆ ನಾಗಾ, ಪಾಂಗ್ಟಿ, ವೋಖಾ ಎಂದು ಅಲ್ಲಿನ ಜನರ, ಊರು–ಸೀಮೆಯ ಹೆಸರನ್ನೇ ಇಟ್ಟರು. ಅಂಥ ಚಾಣಗಳು ನಮ್ಮ ದಖ್ಖನ್ ಮೇಲೆಯೇ ಹಾದು ಅರಬ್ಬೀ ಸಮುದ್ರ ದಾಟುತ್ತವೆ. ನಾವು ಮಲಗಿರುತ್ತೇವೆ.

ಮಾಡಬೇಕಾದ್ದು ದೊಡ್ಡದೇನಲ್ಲ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ. ಅಲ್ಲಿಯ ಮಕ್ಕಳು ಹೇಗಿದ್ದರೂ ಹೊಲಕ್ಕೆ ಹೋಗುತ್ತಾರೆ, ಕೀಟ ಎಣಿಸುತ್ತಾರೆ. ಕೀಟ ತಿನ್ನುವವರನ್ನೂ ವರ್ಷಕ್ಕೆರಡು ಸಂಜೆ ಎಣಿಸಲಿ. ಹೈಸ್ಕೂಲು ಮೇಷ್ಟ್ರುಗಳು, ಕುರಿ ಕಾಯುವ ಹುಡುಗರು, ಗಬ್ಬೂರು, ಜಾಲಹಳ್ಳಿ, ಅರಕೇರಾ, ಕಲ್ಲೂರು, ನೀರಮಾನ್ವಿ ಕಡೆ ಸಂಜೆ ವಾಕಿಂಗ್ ಹೋಗುವವರು ಯಾರಾದರೂ ಆದೀತು. ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಒಬ್ಬರು ಎಣಿಸಿ, ಒಬ್ಬರು ಬರೆಯಿರಿ. ಬಂದು ಕೂತವನ್ನು ಮಾತ್ರ ಬರೆಯಿರಿ, ಸುತ್ತು ಹಾಕುವವನ್ನು ಬರೆದು ನನ್ನ ಹಾಗೆ ನಗೆಪಾಟಲಾಗಬೇಡಿ. ಹುಲ್ಲಿನೊಳಗೆ ಹೆಜ್ಜೆ ಇಡಬೇಡಿ, ಇನ್ನೂರು ಹೆಜ್ಜೆ ದೂರವೇ ಇರಿ. ಸಂಜೆ ಒಮ್ಮೆ ಎಬ್ಬಿಸಿದರೆ ಅವು ಕತ್ತಲಲ್ಲಿ ಬೇರೆ ಜಾಗ ಹುಡುಕಬೇಕು. ಮತ್ತು ದಯವಿಟ್ಟು ಜಾಗದ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ಹಾಕಿದರೆ ಮರುದಿನ ಅಲ್ಲಿ ಹಕ್ಕಿಗಿಂತ ಕ್ಯಾಮೆರಾ ಹೆಚ್ಚಿರುತ್ತದೆ. ಇ-ಬರ್ಡ್ ಎಂಬ ಜಾಲತಾಣದಲ್ಲಿ ಲೆಕ್ಕ ಸೇರಿಸಬಹುದು. ಅದು ಗೊತ್ತಾಗದಿದ್ದರೆ ಮಗಳ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆ ಸಾಕು: ತಾರೀಖು, ಊರು, ಹೊತ್ತು, ಎಷ್ಟು.

ಮಾರ್ಚ್ ಕೊನೆಗೆ ನಮ್ಮಲ್ಲಿ ಹೊತ್ತು ಮುಳುಗುವುದು ಆರೂವರೆ ಸುಮಾರಿಗೆ. ಐದಕ್ಕೆ ಬದುವಿನ ಮೇಲಿರಿ, ನೀರಿನ ಬಾಟಲಿ ಮರೆಯಬೇಡಿ. ಏಪ್ರಿಲ್ ನಡುವೆ ದಾಟಿದರೆ ಸಿಗುವುದು ಕಷ್ಟ. ಒಂದೂ ಬರದಿದ್ದರೆ ಸೊನ್ನೆ ಎಂದು ಬರೆಯಿರಿ, ಜಾಗ ಖಾಲಿ ಬಿಡಬೇಡಿ.